ತಿಪ್ಪಜ್ಜನ ಕೆಂಪು ಇಂಜಿನ್

ಆಗೆಲ್ಲ ರಾಮಗಿರಿಯಲ್ಲಿ ರೈಲು ಬಂದ ಸುದ್ದಿಯನ್ನು ಮೊದಲು ಹೇಳುತ್ತಿದ್ದುದು ಮೂಗು. ಡೀಸೆಲ್ಲಿನ ಕಮಟು ನಮ್ಮ ಕೈಯ ಮಂಡಕ್ಕಿಗೂ ಹತ್ತುತ್ತಿತ್ತು. ನನಗೆ ಹನ್ನೊಂದು ವರ್ಷ. ಸ್ಟೇಷನ್ ಮಾಸ್ತರರ ಕೆಮ್ಮು, ಮೇಷ್ಟ್ರ ಗೊಣಗು, ಇಂಜಿನ್ನಿನ ಕೂಗು, ಎಲ್ಲವನ್ನೂ ಅಣಕಿಸುತ್ತಿದ್ದೆ. ನನ್ನ ಸ್ವಂತ ದನಿ ಹೊರಬರುತ್ತಿದ್ದುದು ಅವ್ವ ಬಾರಿಸಿದಾಗ ಮಾತ್ರ.

ಪಕ್ಕದ ಮನೆಯ ತಿಪ್ಪಜ್ಜ ಇಂಜಿನ್ ಶೆಡ್ಡಿನಲ್ಲಿ ಪೇಂಟರ್ ಆಗಿದ್ದವನು. ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಇಂಜಿನ್ನಿನ ಉದ್ದಕ್ಕೂ ಬಿಗಿಹಿಡಿದು, ಮೀಟಿ, ಬಿದ್ದ ಗೆರೆಯ ಮೇಲೆ ಹಳದಿ ಪಟ್ಟಿ ಎಳೆಯುತ್ತಿದ್ದನಂತೆ. ಉಳಿದ ಮೈಯೆಲ್ಲ ಇಟ್ಟಿಗೆಗೆಂಪು. ಈಗ ಅವನ ಎರಡೂ ಕಣ್ಣಿಗೆ ಪೊರೆ. ಬೆಳಗಿನ ಪ್ಯಾಸೆಂಜರ್ ಹೊತ್ತಿಗೆ ನನ್ನ ಹೆಗಲು ಹಿಡಿದು ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ.

"ಯಾವ ಬಣ್ಣ ಐತಲೇ?"

ನನಗೆ ಬುದ್ಧಿ ಬರುವ ಹೊತ್ತಿಗೇ ಇಂಜಿನ್ನುಗಳಿಗೆಲ್ಲ ನೀಲಿ ಬಳಿದಾಗಿತ್ತು. ಒಂದು ದಿನ ತಮಾಷೆಗೆ, ಮಾಸ್ತರರ ದನಿಯಲ್ಲಿ, "ನಿಮ್ದೇ ಕೆಂಪು ಕಣ್ರೀ, ಹಳದಿ ಪಟ್ಟಿ" ಎಂದೆ. ಅಜ್ಜನ ಮುಖ ಅರಳಿದ್ದು ನೋಡಿ ಹೆದರಿಕೆಯಾಯಿತು. ಮರುದಿನವೂ ಕೆಂಪೇ ಎನ್ನಬೇಕಾಯಿತು. ವರ್ಷವಿಡೀ ಎಂದೆ. ಕೇಳಿಸಿಕೊಂಡವರು ನಕ್ಕು ಸುಮ್ಮನಾದರು.

"ಪಟ್ಟಿ ಸೊಟ್ಟಗೈತಾ ನೋಡು?"

"ಕೂದಲೆಳೆಯಷ್ಟೂ ಇಲ್ಲಜ್ಜ."

ಆಮೇಲೆ ಅಜ್ಜನ ಮಗ ಚಿತ್ರದುರ್ಗಕ್ಕೆ ಕರೆದೊಯ್ದು ಕಣ್ಣಿನ ಆಪರೇಷನ್ ಮಾಡಿಸಿದ. ಓಣಿಯೆಲ್ಲ ಖುಷಿಪಟ್ಟಿತು, ನನಗೆ ಮುದ್ದೆ ಇಳಿಯಲಿಲ್ಲ. ಕಪ್ಪು ಕನ್ನಡಕದ ಅಜ್ಜ ವಾಪಸು ಬಂದವನೇ, "ನಡಿಯಲೇ, ನನ್ ಇಂಜಿನ್ ನೋಡಾಣ" ಎಂದ. ಹೆಗಲು ಹಿಡಿಯಲಿಲ್ಲ. ನಾನೇ ಹಿಂದೆ ಹಿಂದೆ ಹೋದೆ.

ಗಾಡಿ ಬಂತು. ಅಜ್ಜ ಕನ್ನಡಕ ತೆಗೆದು ಇಂಜಿನ್ನನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಆ ಬೈಗುಳವನ್ನೂ ಅಣಕಿಸಿ ಬಚಾವಾಗುತ್ತಿದ್ದೆ. ಅವನು ಬೆಂಚಿನ ಮೇಲೆ ಕುಳಿತು ಕಣ್ಣು ಮುಚ್ಚಿದ.

"ಹೇಳಪ್ಪ. ಯಾವ ಬಣ್ಣ ಐತೆ?"

ಊರಿನ ಯಾರ ದನಿಯೂ ನನ್ನ ಬಾಯಿಗೆ ಬರಲಿಲ್ಲ. ಗಾರ್ಡ್ ಬಾವುಟ ಬೀಸಿದ. ಗಾಡಿ ಹೊರಟಿತು, ಬೆಂಚು ಸಣ್ಣಗೆ ನಡುಗಿ ಸುಮ್ಮನಾಯಿತು. ಅಜ್ಜ ಕಣ್ಣು ಮುಚ್ಚಿಕೊಂಡೇ ಇನ್ನಷ್ಟು ಹೊತ್ತು ಕಾದ. ಆಮೇಲೆಂದೂ ಸ್ಟೇಷನ್ನಿಗೆ ಬರಲಿಲ್ಲ.

ಈಗ ಅಲ್ಲಿ ಕರೆಂಟ್ ಇಂಜಿನ್ನುಗಳು ಓಡುತ್ತವೆ. ಅಜ್ಜನಿಲ್ಲ. ಅಂದು ನೀಲಿ ಎಂದು ನಿಜ ಹೇಳಿದ್ದರೂ ಸಾಕಿತ್ತು, ಕೆಂಪು ಎಂದು ಇನ್ನೊಂದು ಸುಳ್ಳು ಹೇಳಿದ್ದರೂ ಸಾಕಿತ್ತು. ಅವನ ಕೆಂಪು ಇಂಜಿನ್ನನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡವನಲ್ಲ. ಆದರೂ ನನ್ನ ನೆನಪಿನ ರಾಮಗಿರಿಗೆ ಬೇರೆ ಯಾವುದೂ ಬರುವುದಿಲ್ಲ.