ತಟ್ಟೆಯಲ್ಲಿಟ್ಟ ಲಿಂಗ

ಎಪ್ಪತ್ತರ ದಶಕ, ರಾಜಾಜಿನಗರದ ಮನೆ. ಅಪ್ಪನ ಕೈ ಸುಮ್ಮನೆ ತೊಡೆಯ ಮೇಲಿದ್ದರೆ ಏನೂ ಆಗುತ್ತಿರಲಿಲ್ಲ. ಕಾಫಿ ಲೋಟ ಎತ್ತಿದರೆ, ಆಫೀಸಿನಲ್ಲಿ ಸಹಿ ಹಾಕಹೋದರೆ ನಡುಗುತ್ತಿತ್ತು. ಅದನ್ನೆಲ್ಲ ಅವರು ನಕ್ಕು ಸಹಿಸಿಕೊಂಡಿದ್ದರು. ಸಹಿಸಲಾಗದ್ದು ಬೆಳಗಿನ ಪೂಜೆಯ ಹೊತ್ತು. ನಮ್ಮವರು ಕೊರಳಿನ ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡೇ ಪೂಜಿಸಬೇಕು. ಅದು ಅಲುಗುತ್ತಿತ್ತು. ಎಲ್ಲಿ ಬಿದ್ದುಬಿಡುತ್ತದೋ ಎಂದು ಅಪ್ಪ ಬೆವರುತ್ತಿದ್ದರು.

ವಿಜಯನಗರದ ದೊಡ್ಡಪ್ಪ ಒಂದು ದಿನ ಇದನ್ನು ನೋಡಿದರು. ಮುಗಿಯಿತು ಕಥೆ. "ಕೈ ನೆಟ್ಟಗಾಗೋವರ್ಗೂ ತಟ್ಟೇಲಿಟ್ಟು ಪೂಜೆ ಮಾಡು. ಅಂಗೈಗೆ ತಗೋಬೇಡ" ಎಂದು ಅಪ್ಪಣೆಯಾಯಿತು. ಅಪ್ಪ ಅವತ್ತು ಊಟ ಬಿಟ್ಟರು. ಆದರೆ ಅಣ್ಣನ ಮಾತು ಮೀರುವ ಜಾಯಮಾನ ಅವರದಲ್ಲ.

ಆಮೇಲೆ ನೆಂಟರ ಪಾಂಡಿತ್ಯ ಹೊರಬಿತ್ತು. ಒಬ್ಬರು ನರ ದೌರ್ಬಲ್ಯ ಎಂದು ಬಾದಾಮಿ ತಿನ್ನಿಸಿದರು. ಬ್ಯಾಡರಹಳ್ಳಿಯ ನಾಟಿ ವೈದ್ಯ ಕೊಟ್ಟ ಎಣ್ಣೆಯ ನಾತಕ್ಕೆ ಬೀದಿನಾಯಿಯೂ ಗೇಟಿನ ಬಳಿ ಸುಳಿಯುತ್ತಿರಲಿಲ್ಲ. ಕಾಂಪೌಂಡರ್ ಮಹಾಶಯ ವಾರಕ್ಕೆರಡು ಸಲ ಶಕ್ತಿಯ ಸೂಜಿ ಚುಚ್ಚಿದ. ಕೈ ತನ್ನ ಪಾಡಿಗೆ ತಾನು ನಡುಗುತ್ತಲೇ ಇತ್ತು.

ಕೊನೆಗೆ ಕಾಲೇಜು ಓದುತ್ತಿದ್ದ ನಾನೇ ಹಟ ಹಿಡಿದು ಅಪ್ಪನನ್ನು ನರರೋಗದ ಡಾಕ್ಟರ ಬಳಿ ಹೊರಡಿಸಿದೆ. ದೊಡ್ಡಪ್ಪನೂ ಬಂದರು. ಅವರಿಲ್ಲದೆ ಸೂರ್ಯ ಹುಟ್ಟುತ್ತಾನೆಯೇ? ಡಾಕ್ಟರು ಅಪ್ಪನಿಂದ ಕಾಗದದ ಮೇಲೆ ಸುರುಳಿ ಗೆರೆ ಬರೆಸಿದರು, ನೀರಿನ ಲೋಟ ಎತ್ತಿಸಿದರು.

"ಪ್ರಾಣಕ್ಕೇನೂ ಭಯ ಇಲ್ಲ. ಹಾರ್ಟಿಗೆ ಕೊಡೋ ಒಂದು ಮಾತ್ರೆ ಇದಕ್ಕೂ ಕೆಲವರಿಗೆ ಹಿಡಿಯುತ್ತೆ. ನಡುಕ ಕಮ್ಮಿ ಆಗ್ಬಹುದು, ಪೂರ್ತಿ ಹೋಗಲ್ಲ. ಒಂದು ಗುಟುಕು ಬ್ರಾಂದಿ ಕುಡಿದ್ರೂ ಸ್ವಲ್ಪ ಹೊತ್ತು ತಗ್ಗುತ್ತೆ. ಆದ್ರೆ ಅದು ಔಷಧಿ ಅಲ್ಲ, ಆ ದಾರಿ ಹಿಡೀಬೇಡಿ. ಮನೇಲಿ ಇನ್ಯಾರಿಗಾದ್ರೂ ಇದ್ಯಾ? ವಂಶದಲ್ಲಿ ಬರೋದುಂಟು."

"ನಮ್ಮ ವಂಶದಲ್ಲೇ ಇಲ್ಲ ಸಾರ್!" ಎಂದರು ದೊಡ್ಡಪ್ಪ, ಶಲ್ಯದೊಳಗೆ ಕೈ ಕಟ್ಟಿಕೊಂಡೇ.

ಮರುದಿನವೇ ದೊಡ್ಡಪ್ಪನ ಬಾಯಿಂದ ನೆಂಟರಿಗೆಲ್ಲ ಸುದ್ದಿ: ಅದು ಕುಡುಕರ ಕಾಯಿಲೆಯಂತೆ, ಡಾಕ್ಟರೇ ಹೇಳಿದರಂತೆ. ಥೂ! ಬ್ರಾಂದಿ ಬಾಟಲಿಯ ಮುಖವನ್ನೇ ಕಾಣದ ಮನುಷ್ಯನ ಮೇಲೆ ಈ ಮಾತು. ನನಗೆ ಮೈಯೆಲ್ಲ ಉರಿಯಿತು.

ಮಾತ್ರೆ ಹಿಡಿಯಿತು. ಕೆಲವು ವಾರಗಳಲ್ಲಿ ನಡುಕ ಅರ್ಧಕ್ಕಿಳಿಯಿತು. ಲಿಂಗವನ್ನು ಮತ್ತೆ ಅಂಗೈಗೆ ತೆಗೆದುಕೊಳ್ಳಲು ಅಣ್ಣನ ಒಪ್ಪಿಗೆ ಕೇಳಬೇಕೆಂದು ಅಪ್ಪ ವಿಜಯನಗರಕ್ಕೆ ಹೊರಟರು. ನಾನೂ ಹೋದೆ. ದೊಡ್ಡಪ್ಪ ಪೂಜೆಯಲ್ಲಿದ್ದರು. ಅವರದು ಯಾವಾಗಲೂ ಬಾಗಿಲು ಹಾಕಿಕೊಂಡು ಮಾಡುವ ಪೂಜೆ, ಏಕಾಂತ ಬೇಕಂತೆ. ಕಾದು ಕಾದು ಸಾಕಾಗಿ ನಾನು ಬಾಗಿಲು ತಳ್ಳಿದೆ, ಅವತ್ತು ಚಿಲಕ ಹಾಕಿರಲಿಲ್ಲ.

ಅವರ ಲಿಂಗ ತಟ್ಟೆಯಲ್ಲಿತ್ತು. ಅದಕ್ಕೆ ಪತ್ರೆ ಏರಿಸಲು ಚಾಚಿದ ಕೈ ಅಪ್ಪನದಕ್ಕಿಂತ ಜೋರಾಗಿ ನಡುಗುತ್ತಿತ್ತು.

ಇಡೀ ಬೀದಿಗೆ ಕೇಳುವ ಹಾಗೆ ಕೂಗಬೇಕೆನಿಸಿತು. ಅಪ್ಪ ನನ್ನನ್ನು ಹಿಂದಕ್ಕೆಳೆದು, ತಾವು ಒಳಗೆ ಹೋಗಿ ಅಣ್ಣನ ಪಕ್ಕ ಕೂತರು.

"ಆ ಡಾಕ್ಟರ್ ಹತ್ರ ಹೋಗೋಣ ಬನ್ನಿ ಅಣ್ಣ. ನಾನೂ ಬರ್ತೀನಿ."

"ಯಾರಿಗೂ ಹೇಳ್ಬೇಡ ಕಣೋ" ಎಂದರು ದೊಡ್ಡಪ್ಪ.

ಮರುದಿನ ಅಪ್ಪ ಯಾರ ಒಪ್ಪಿಗೆಯನ್ನೂ ಕೇಳದೆ ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಅಣ್ಣನ ಗುಟ್ಟನ್ನು ಮಾತ್ರ ಸಾಯುವ ತನಕ ಬಿಟ್ಟುಕೊಡಲಿಲ್ಲ. ನಾನೇನೂ ಮಾತು ಕೊಟ್ಟಿರಲಿಲ್ಲ.