ಒಂದು ಹಂಸ, ನಲವತ್ಮೂರು ಫೋಟೋ

ಬೆಳಗಿನ ಐದೂ ಇಪ್ಪತ್ತು. ಕೊಳ್ಳೇಗಾಲದ ಈ ನೇಕಾರರ ಬೀದಿಯಲ್ಲಿ ಇನ್ನೂ ಒಂದು ಮಗ್ಗವೂ ಸದ್ದು ಮಾಡಿಲ್ಲ. ಚೌಡೇಶ್ವರಿ ಮಾತ್ರ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಮೇಜಿನ ಮೇಲೆ ಬಗ್ಗಿದ್ದಾರೆ. ಕ್ಯಾಮೆರಾದ ಕೆಳಗೆ ಅಂಗೈಯಗಲದ ಹಳೇ ರೇಷ್ಮೆ ಅಂಚು, ಅದರಲ್ಲೊಂದು ಜರಿಯ ಹಂಸ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಅಷ್ಟೇ. ಕ್ಯಾಮೆರಾ ಕೂರಿಸಿದ ಪಟ್ಟಿಯ ತಿರುಪನ್ನು ಅರ್ಧ ಸುತ್ತು ತಿರುಗಿಸುತ್ತಾರೆ, ಕೈ ತೆಗೆಯುತ್ತಾರೆ, ಐದು ಎಣಿಸುತ್ತಾರೆ, ವೈರಿನ ತುದಿಯ ಗುಂಡಿ ಒತ್ತುತ್ತಾರೆ. ಕ್ಲಿಕ್. ಮತ್ತೆ ಅರ್ಧ ಸುತ್ತು.

"ಮೇಜಿಗೆ ಕೈ ಊರ್‍ಬೇಡಿ ಸಾ," ಎಂದು, ಕೆಲಸ ನೋಡಲು ಬಂದ ನನ್ನತ್ತ ತಿರುಗದೆಯೇ ಎಚ್ಚರಿಸುತ್ತಾರೆ. "ಆರೂವರೆಗೆ ಪಕ್ಕದ್ಮನೆ ಮಗ್ಗ ಸುರುವಾಯ್ತದೆ. ಆಮ್ಯಾಕೆ ನೆಲನೇ ಕುಣೀತದೆ."

ಇಷ್ಟು ಹತ್ತಿರದಿಂದ ತೆಗೆದರೆ ಒಂದು ಎಳೆ ಸ್ಪಷ್ಟ, ಅದರ ಹಿಂದಿನದು ಮಬ್ಬು. ಬಟ್ಟೆಯನ್ನು ಸಪಾಟಾಗಿ ಒತ್ತೋಣವೆಂದರೆ ಇದು ಅರವತ್ತು ವರ್ಷದ ರೇಷ್ಮೆ, ಒತ್ತಿದರೆ ಪುಡಿ. ಹಾಗಾಗಿ ಸುಕ್ಕನ್ನು ಸುಕ್ಕಾಗಿಯೇ ಬಿಟ್ಟು, ಮಡಿಕೆಯ ನೆತ್ತಿಯಿಂದ ತಳದವರೆಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ನಲವತ್ತಾರು ಫೋಟೋ ತೆಗೆಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒಂದರ ಮೇಲೊಂದು ಕೂರಿಸಿ, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಉಳಿಸಿ, ಒಂದೇ ಚಿತ್ರ ಮಾಡಬೇಕು. ಆ ಚಿತ್ರದಲ್ಲಿ ಎಳೆ ಎಣಿಸಿಕೊಂಡು ನೇಕಾರರು ಹಳೇ ಅಂಚನ್ನು ಹೊಸ ಸೀರೆಗೆ ತರುತ್ತಾರೆ.

ಚೌಡೇಶ್ವರಿಗೆ ಮೂವತ್ತೆಂಟು. ಮೇಜು ನಿಂತಿರುವ ಜಾಗದಲ್ಲಿ ಹಿಂದೆ ಅಪ್ಪನ ಗುಂಡಿ ಮಗ್ಗವಿತ್ತು. ಅಪ್ಪನ ಭುಜ ಸೋತ ಮೇಲೆ ಗುಂಡಿಗೆ ಚಪ್ಪಡಿ ಬಿತ್ತು, ಮಗಳು ಪೇಟೆಯ ಸ್ಟುಡಿಯೋಗೆ ಕೆಲಸಕ್ಕೆ ಹೋದರು. ಹದಿನಾರು ವರ್ಷದಿಂದ ಅಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾರೆ, ಮದುವೆ ಆಲ್ಬಮ್ ಜೋಡಿಸುತ್ತಾರೆ. ಸ್ಟುಡಿಯೋ ಮಾಲೀಕ ರಂಗರಾಜು ಬದಲಾಯಿಸಿದ ಹಳೇ ಕಂಪ್ಯೂಟರ್ ಈಗ ಇವರ ಮನೆಯಲ್ಲಿದೆ. ಒಂದು ಹಂಸ ಜೋಡಿಸಲು ಅದಕ್ಕೆ ಮುಕ್ಕಾಲು ಗಂಟೆ ಬೇಕು. ಫೋಟೋ ಜೋಡಿಸುವ ಈ ವಿದ್ಯೆಯನ್ನು ಅವರು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತರು. ಮೂರು ವರ್ಷದಲ್ಲಿ ಹತ್ತೊಂಬತ್ತು ಹಳೇ ಸೀರೆಗಳ ಅಂಚು ಅವರ ಮೇಜಿನ ಮೇಲೆ ಹಾದುಹೋಗಿವೆ. ಕತ್ತು ನೋವು ಮಾತ್ರ ಹಾದುಹೋಗಿಲ್ಲ.

"ಸೀರೆ ಉಟ್ಕಂಡೋರು ನೇಯ್ದೋರ್ ಹೆಸ್ರನ್ನೇ ಕೇಳಕಿಲ್ಲ. ಇನ್ನು ಪೋಟ ತಗ್ದೋಳ್ನ ಯಾರ್ ಕೇಳಾರು ಬುಡಿ," ಎಂದು ನಗುತ್ತಾರೆ.

ಈ ಹಂಸದ ವಿಷಯದಲ್ಲಿ ಮಾತ್ರ ಅವರಿಗೆ ನಗು ಬರುವುದಿಲ್ಲ. ಸೀರೆ ಯಳಂದೂರು ತಾಲ್ಲೂಕಿನ ಹೊನ್ನೂರಿನ ಬಸವಮ್ಮನವರ ತಾಯಿಯದು. ಅಂಚೆಲ್ಲ ಮಡಿಕೆ ಮಡಿಕೆಗೆ ಒಡೆದು ಹೋಗಿ, ಇಡಿಯಾಗಿ ಉಳಿದಿರುವುದು ಇದೊಂದೇ ಹಂಸ. ಎರಡು ತಿಂಗಳ ಹಿಂದೆ ಚೌಡೇಶ್ವರಿ ಇದರದೇ ಫೋಟೋ ತೆಗೆದು, ಜೋಡಿಸುವ ಕೆಲಸವನ್ನು ಪೂರ್ತಿ ಸಾಫ್ಟ್‌ವೇರಿಗೇ ಬಿಟ್ಟಿದ್ದರು. ಮಬ್ಬಾದ ಒಂದು ಎಳೆಯ ನೆರಳನ್ನು ಅದು ಇನ್ನೊಂದು ಎಳೆಯೆಂದೇ ತಿಳಿದು ಹಂಸದ ಕತ್ತಿಗೆ ಸೇರಿಸಿಬಿಟ್ಟಿತು. ಪಕ್ಕದ ಮನೆಯ ನೇಕಾರ ಮಾದಯ್ಯ, ವಯಸ್ಸು ಎಪ್ಪತ್ತೊಂದು, ಅದನ್ನೇ ನಂಬಿ ಹನ್ನೊಂದು ದಿನ ನೇಯ್ದರು. ಬಸವಮ್ಮ ಬಂದು ನೋಡಿದರು.

"ಇದೇನ್ ಮಾದಯ್ನೋರೆ? ನಮ್ಮವ್ವನ್ ಸೀರೇಲಿ ಅಂಸ ಇತ್ತು. ನೀವು ನಾಟಿಕೋಳಿ ಕುಂಡ್ರುಸಿದ್ದೀರಲ್ಲ!"

ಅವತ್ತು ಮಾದಯ್ಯ ಹನ್ನೊಂದು ದಿನದ ನೇಯ್ಗೆ ಕತ್ತರಿಸಿ ಇಟ್ಟರು. "ಇನ್ಮ್ಯಾಕೆ ನಿನ್ ಪೋಟ ನೋಡ್ಕಂಡು ನಾನು ಲಾಳಿ ಹಿಡಿಯಕಿಲ್ಲ ಕಣವ್ವ," ಎಂದರು. ಚೌಡೇಶ್ವರಿ ಇಬ್ಬರನ್ನೂ ಬೇಡಿಕೊಂಡು ಇನ್ನೊಂದು ಅವಕಾಶ ಕೇಳಿದ್ದಾರೆ. ಬಟ್ಟೆ ಮತ್ತೊಮ್ಮೆ ಬಿಚ್ಚಿದರೆ ಉಳಿಯುವುದಿಲ್ಲ. ಇವತ್ತು ತಪ್ಪಿದರೆ ಆ ಹಂಸ ಮುಗಿದಂತೆ.

ನಲವತ್ಮೂರನೇ ಫೋಟೋ ಆಗಿದೆ. ಬೀದಿಯಲ್ಲಿ ಹಾಲಿನ ವ್ಯಾನು ಗಡಗಡ ಎಂದು ಹಾದುಹೋಗುತ್ತದೆ. ಮೇಜು ನಡುಗುತ್ತದೆ, ಕಣ್ಣೆದುರೇ ಮಡಿಕೆ ಕುಸಿದು ಮುಚ್ಚಿಕೊಳ್ಳುತ್ತದೆ. ಅದರ ತಳ, ಹಂಸದ ಕತ್ತು ರೆಕ್ಕೆಗೆ ಸೇರುವ ಜಾಗ, ಒಳಗೇ ಉಳಿಯುತ್ತದೆ. ಎತ್ತಲು ಹೋದರೆ ಒಡೆಯುತ್ತದೆ. ಚೌಡೇಶ್ವರಿ ತಿರುಪಿನಿಂದ ಕೈ ತೆಗೆದು, ಉಳಿದ ಮೂರು ಫೋಟೋ ಕೈಬಿಡುತ್ತಾರೆ.

ಆಮೇಲೆ ಕಂಪ್ಯೂಟರಿನ ಮುಂದೆ ಕೂತವರು ಈ ಸಲ ಒಂದೊಂದು ಫೋಟೋವನ್ನೂ ಕೈಯಾರೆ ಅಳಿಸುತ್ತಾ, ಉಳಿಸುತ್ತಾ ಹೋಗುತ್ತಾರೆ. ಎಳೆ ಎಳೆಯಾಗಿ ಹಂಸ ಮೇಲೆದ್ದು ಬರುತ್ತದೆ. ಕತ್ತಿನ ಬುಡದಲ್ಲಿ ಮಾತ್ರ ಸಾಸಿವೆಯಷ್ಟು ಮಬ್ಬು. ಅಕ್ಕಪಕ್ಕ ನೋಡಿ ಆ ಜಾಗವನ್ನು ತಾನೇ ತುಂಬಿಕೊಡುವ ಸೌಲಭ್ಯ ಸಾಫ್ಟ್‌ವೇರಿನಲ್ಲಿದೆ. ಅವರ ಬೆರಳು ಅತ್ತ ಹೋಗುವುದಿಲ್ಲ.

ಪ್ರಿಂಟ್ ಹಿಡಿದು ಹೋದಾಗ ಮಾದಯ್ಯ ಮಗ್ಗ ಬಿಟ್ಟೆದ್ದು ಬಂದು ಜಗುಲಿಯಲ್ಲಿ ಟೀ ಕುಡಿಯುತ್ತಿದ್ದಾರೆ.

"ಏನವ್ವ, ಇವತ್ತು ಹುಂಜನಾ, ಹ್ಯಾಟೆನಾ?"

"ಅಂಸನೇ ಚಿಕ್ಕಪ್ಪ. ಆದ್ರೆ ಇಲ್ಲಿ, ಕತ್ತಿನ್ ಬುಡದಲ್ಲಿ ನಂಗೆ ಕಾಣ್ನಿಲ್ಲ. ಮಬ್ಬಾಗೇ ಬುಟ್ಟಿವ್ನಿ."

"ಓದ್ಸಲ ಕಂಡಿತ್ತಾ?"

"ಓದ್ಸಲನೂ ಕಾಣ್ನಿಲ್ಲ. ಕಂಪ್ಯೂಟ್ರು ಒಂದೆಳೆ ಸೇರುಸ್ತು, ನಾನು ಸರಿ ಅಂದ್ಕಬುಟ್ಟೆ. ತಪ್ಪು ನಂದೇಯ."

ಮಾದಯ್ಯ ಲೋಟ ಕೆಳಗಿಡುತ್ತಾರೆ. ಭೂತಗನ್ನಡಿ ತರಿಸಿಕೊಂಡು ಸೂಜಿಯ ಮೊನೆಯಲ್ಲಿ ಎಳೆ ಎಣಿಸುತ್ತಾರೆ, ಒಂದು ಸಲ, ಎರಡು ಸಲ. ಮನೆಯೊಳಗಿಂದ ಯಾರೋ ತಿಂಡಿಗೆ ಕರೆದರೂ ಅವರು ಏಳುವುದಿಲ್ಲ.

"ಕತ್ತು ನಾಕೆಳೇಲಿ ಇಳ್ದದೆ. ರೆಕ್ಕೆ ಏಳೆಳೇಲಿ ಎದ್ದದೆ. ನಡುವೆ ಎಳೆ ಸೇರಕ್ಕೆ ಎರಡೇ ದಾರಿ ಇರೋದು. ಎರಡ್ನೂ ಒಂದೊಂದ್ ಬೆಟ್ನಗಲ ನೇಯ್ದು ನೋಡವ. ಯಾವ್ದು ಅಂಸ, ಯಾವ್ದು ಕೋಳಿ ಅಂತ ಗೊತ್ತಾಯ್ತದೆ." ಪ್ರಿಂಟನ್ನು ಮಡಿಸದೆ ಎದೆಗೆ ಒತ್ತಿಕೊಂಡು ಏಳುತ್ತಾರೆ. "ಕಾಣ್ನಿಲ್ಲ ಅಂತ ಬುಟ್ಟಿದ್ದೀಯಲ್ಲ, ಒಳ್ಳೇದಾಯ್ತು. ಎಲ್ಲಾನೂ ನೀನೇ ತುಂಬ್ಬುಟ್ರೆ ನಂಗೇನವ್ವ ಕೆಲ್ಸ?"

ಅವರು ಮಗ್ಗದ ಗುಂಡಿಗೆ ಇಳಿಯುತ್ತಾರೆ. ಚೌಡೇಶ್ವರಿಗೆ ಒಂಬತ್ತೂವರೆಗೆ ಸ್ಟುಡಿಯೋ ಬಾಗಿಲು ತೆರೆಯಬೇಕು. ಇವತ್ತು ಇಪ್ಪತ್ತಾರು ಮಕ್ಕಳ ಪಾಸ್‌ಪೋರ್ಟ್ ಫೋಟೋ ಇದೆ. ಆದರೂ ಮಾದಯ್ಯನವರ ಹೊಸ್ತಿಲ ಬಳಿಯೇ ನಿಂತಿದ್ದಾರೆ. ಒಳ್ಳೇ ಕ್ಯಾಮೆರಾ ಏನಾದರೂ ಬೇಕೆನಿಸುತ್ತದೆಯೇ ಎಂದು ಕೇಳಿದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಅದೆಲ್ಲ ಬ್ಯಾಡ ಸಾ. ನಂಗ್ ಕಾಣ್ದೆ ಇದ್ದ ಆ ಜಾಗ ಚಿಕ್ಕಪ್ಪನ್ ಮಗ್ಗದಲ್ಲಿ ಎಂಗ್ ಬತ್ತದೆ ಅಂತ ನೋಡ್ಬೇಕು, ಅಷ್ಟೆ. ಹೊಸ ಬಟ್ಟೆ ಸಪಾಟಾಗಿರ್ತದೆ. ಅದ್ಕೆ ಒಂದೇ ಪೋಟ ಸಾಕು."