ಬಲ್ಬಿನ ಕುಲಾವಿ

ಪಾಲಕೋಡಿನ ಪಕ್ಕದ ನಮ್ಮ ಹಳ್ಳಿಗೆ ಕರೆಂಟ್ ಬಂದ ಮರುವರ್ಷ ನನ್ನ ತಂಗಿಗೆ ದಡಾರ ಎದ್ದಿತು. ಅವಳಿಗೆ ಆಗಷ್ಟೇ ಹಾಲುಹಲ್ಲು ಬೀಳುತ್ತಿದ್ದವು. ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಮನೆ. ಗರಿ ಹೊದಿಸಿದ ಒಂದೇ ಕೋಣೆ, ನಡುವೆ ಒಂದು ಬಲ್ಬು. ಮೈಮೇಲೆ ಗುಳ್ಳೆ ಕಂಡ ಕೂಡಲೇ ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಅಡುಗೆಗೆ ಒಗ್ಗರಣೆ ನಿಂತಿತು. ಔಷಧದ ಮಾತೆತ್ತಿದವರ ಬಾಯಿ ಮುಚ್ಚಿಸಿದಳು. ದಡಾರದ ದೇವಿ ಅಮ್ಮ ಬಂದಿರುವ ಮನೆಯಲ್ಲಿ ಸಂಜೆಯಿಂದ ಬೆಳಗಿನವರೆಗೆ ಬೆಳಕು ಆರಬಾರದು ಎಂಬುದು ಅವಳ ಕಟ್ಟಳೆ. ಎಣ್ಣೆದೀಪ ಎಲ್ಲಿ ಗಾಳಿಗೆ ಆರಿಬಿಡುತ್ತದೋ ಎಂದು ಹೆದರುತ್ತಿದ್ದವಳಿಗೆ ಬಲ್ಬು ದೇವರೇ ಕೊಟ್ಟ ವರವಾಗಿ ಕಂಡಿತು.

ತಂಗಿಯ ಪಾಲಿಗೆ ಅದು ಯಮನಾಯಿತು. ಮೈಮೇಲಿನ ಕೆಂಪು ಇಳಿದರೂ ಕಣ್ಣಿನ ಕೆಂಪು ಇಳಿಯಲಿಲ್ಲ. ಹಗಲು ಬಾಗಿಲು ಮುಚ್ಚಿ, ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದೆವು. ಸಂಜೆ ಬಲ್ಬು ಹತ್ತಿದರೆ ಸಾಕು, ಬಟ್ಟೆ ಇದ್ದರೂ ಮುಖವನ್ನು ಚಾಪೆಗೆ ಒತ್ತಿಕೊಂಡು ಕಿರುಚುತ್ತಿದ್ದಳು. ಆರಿಸಿಬಿಡೋಣ ಎಂದು ಅವ್ವ ಬೇಡಿಕೊಂಡಳು. ಮೂರನೆಯ ಸಲ ತಲೆಗೆ ನೀರು ಹಾಕಿ ಅಮ್ಮನನ್ನು ಕಳಿಸುವ ತನಕ ಆಗದು ಎಂದಳು ಅಜ್ಜಿ. ಇಬ್ಬರ ನಡುವೆ ಸಿಕ್ಕಿಕೊಂಡ ಅಪ್ಪ ಕೈಕೆಲಸಕ್ಕೆ ಕೂತ. ಕಷ್ಟ ಬಂದಾಗ ಬಾಯಿ ಬಿಟ್ಟು ಮಾತಾಡದೆ ಏನಾದರೂ ಕೆತ್ತುತ್ತಾ ಕೂರುವುದು ನಮ್ಮ ಮನೆಯ ಗಂಡಸರ ರೋಗ.

ಬಿದಿರು ಸೀಳಿ, ನುಣ್ಣಗೆ ಹೆರೆದು ಎರಡು ಬಳೆ ಬಗ್ಗಿಸಿದ. ಮೇಲಿನದು ಚಿಕ್ಕದು, ಕೆಳಗಿನದು ದೊಡ್ಡದು. ನಡುವೆ ಕಡ್ಡಿ ನಿಲ್ಲಿಸಿ ಉಣ್ಣೆಯ ನೂಲಿನಿಂದ ಬಿಗಿದ. ಅದರ ಸುತ್ತ ಜವಳಿ ಅಂಗಡಿಯ ದಪ್ಪನೆಯ ಕಂದು ಕಾಗದ. ಕಂಬಳಿ ಗಡುಸಾಗಲೆಂದು ನಾವು ಹುಣಸೆ ಬೀಜ ಹುರಿದು, ಸಿಪ್ಪೆ ಕಳೆದು, ಅರೆದು ಬೇಯಿಸಿದ ಗಂಜಿ ಬಳಿಯುತ್ತೇವೆ. ಅದನ್ನೇ ಕಾಗದದ ಒಳಗೂ ಹೊರಗೂ ಬಳಿದು ಒಣಗಿಸಿ, ಇನ್ನೊಂದು ಪದರ ಅಂಟಿಸಿ, ಮತ್ತೆ ಬಳಿದ. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು ಬರುತ್ತಿತ್ತು. ಮೇಲೆ ಗರಿಯ ಸೂರು, ಬೆಂಕಿಯ ಭಯ ಇದ್ದೇ ಇತ್ತು. ಅದಕ್ಕೇ ಕಾಗದ ಬಲ್ಬಿನಿಂದ ಗೇಣು ದೂರ ನಿಲ್ಲುವಷ್ಟು ಅಗಲ ಮಾಡಿ, ಬಿಸಿ ಹೋಗಲು ಮೇಲ್ಗಡೆ ಬಾಯಿ ಬಿಟ್ಟು, ಕರೆಂಟಿನ ವೈರ್‌ಗೆ ತಾಕದಂತೆ ತೊಲೆಯಿಂದ ತಂತಿ ಕಟ್ಟಿ ಇಳಿಬಿಟ್ಟ. ಮೊದಲ ಸಂಜೆ ಅದರ ಮೇಲೆ ಅಂಗೈ ಇಟ್ಟುಕೊಂಡೇ ಬಹಳ ಹೊತ್ತು ನಿಂತಿದ್ದ. ಕಾಗದ ಬಿಸಿಯೇರಲಿಲ್ಲ.

ಕೂಸಿನ ಟೊಪ್ಪಿಗೆಯ ಹಾಗಿದೆಯೆಂದು ಅವ್ವ ಅದಕ್ಕೆ ಬಲ್ಬಿನ ಕುಲಾವಿ ಎಂದು ಹೆಸರಿಟ್ಟಳು. ಬೆಳಕು ಕೋಣೆಯ ನಡುವೆ ದುಂಡಗೆ ಬಿದ್ದು, ಗೋಡೆ ಪಕ್ಕದ ತಂಗಿಯ ಚಾಪೆ ನೆರಳಲ್ಲಿ ಉಳಿಯಿತು. ದೀಪ ಆರಲಿಲ್ಲವೆಂದು ಅಜ್ಜಿಗೆ ಸಮಾಧಾನ. ತಂಗಿ ಕಿರುಚುವುದನ್ನು ನಿಲ್ಲಿಸಿದಳು. ಅಕ್ಕಪಕ್ಕದವರು ಬಂದು ಕುಲಾವಿಯನ್ನು ತಟ್ಟಿ ನೋಡಿ ಅಪ್ಪನ ಕೈಯನ್ನು ಹೊಗಳಿ ಹೋದರು.

ಓಮಲೂರಿನಿಂದ ಬಂದ ಸೋದರಮಾವ ಮಾತ್ರ, ಮಗುವನ್ನು ಧರ್ಮಪುರಿಯ ಆಸ್ಪತ್ರೆಗೆ ಒಯ್ಯೋಣ, ಬಸ್ಸಿಗೆ ಹೊತ್ತಾಯಿತು ಎಂದು ಅವಸರ ಮಾಡಿದ. ಅಪ್ಪ ಮೊದಲು ಕುಲಾವಿಯ ಕಡೆ ನೋಡಿದ, ಆಮೇಲೆ ತಂಗಿಯ ಕಡೆ.

"ಈಗ ಅಳ್ತಾ ಇಲ್ಲ ನೋಡು ಬಾವ. ಸರಿ ಓಗ್ತೈತೆ."

ಮಾವ ಒಬ್ಬನೇ ಬಸ್ಸು ಹತ್ತಿದ. ಈಗ ನೆನೆದರೂ ನನ್ನ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಅಪ್ಪನ ಮೇಲೆ ಸಿಟ್ಟು ಮಾಡಲು ಮನಸ್ಸು ಬರುವುದಿಲ್ಲ; ಅಜ್ಜಿ ಮಣ್ಣು ಸೇರಿದ್ದಾಳೆ.

ಮೂರನೆಯ ನೀರು ಹಾಕಿದ ದಿನ ಸಂಜೆ ಅಜ್ಜಿಯೇ ತಂಗಿಯ ಕಣ್ಣಿನ ಬಟ್ಟೆ ಬಿಚ್ಚಿದಳು. ಒಗೆದ ಲಂಗ ಉಟ್ಟು ಗೋಡೆಗೆ ಒರಗಿ ಕೂತಿದ್ದವಳು ರೆಪ್ಪೆ ತೆರೆದಳು. ಕಣ್ಣು ಬಿಟ್ಟಳಲ್ಲ ಎಂದು ನಮಗೆಲ್ಲ ಹಿಗ್ಗು. ಅವಳು ಮುಖವನ್ನು ಅತ್ತಿತ್ತ ತಿರುಗಿಸಿದಳು.

"ಇವತ್ತು ಯಾಕಪ್ಪಾ ಲೈಟ್ ಆಕಿಲ್ಲ?"

ಬಲ್ಬು ಉರಿಯುತ್ತಲೇ ಇತ್ತು. ಅಪ್ಪ ತಂತಿ ಬಿಚ್ಚಿ ಕುಲಾವಿಯನ್ನು ಕೆಳಗಿಟ್ಟ. ತಂಗಿಯನ್ನು ಎತ್ತಿಕೊಂಡು ಬಲ್ಬಿನ ಮುಂದೆ ಹಿಡಿದ. ನೆರಳಿನಲ್ಲಿ ಕಾಣದೆ ಹೋಗಿದ್ದು ಆಗ ಎಲ್ಲರಿಗೂ ಕಂಡಿತು. ಎರಡು ಕರಿಗುಡ್ಡೆಗಳ ಮೇಲೂ ಹಾಲಿನ ಕೆನೆಯಂತೆ ಪೊರೆ ಕಟ್ಟಿತ್ತು. ಇಷ್ಟು ದಿನ ಬೆಳಕೆಂದರೆ ಚೀರುತ್ತಿದ್ದವಳು ಅಷ್ಟು ಹತ್ತಿರದಲ್ಲೂ ರೆಪ್ಪೆ ಬಡಿಯಲಿಲ್ಲ. ಬದಲಿಗೆ ನಕ್ಕಳು.

"ಮೊಕಕ್ಕೆ ಬಿಸಿ ತಗಲ್ತೈತೆ. ಒಲೆ ಅಚ್ಚಿದ್ದೀಯಾ ಅಪ್ಪ?"

ಅಪ್ಪ ಹೂಂ ಅಂದ.